ಬಜಪೆಯ ಗುಡ್ಡಕ್ಕೆ ಎರಡು ಸಲ

ಚಾರ್ಮಾಡಿ ಘಾಟಿ ಹಿಂದಾಯಿತು. 8,500 ಅಡಿ ಎತ್ತರ, ಸೆಸ್ನಾ 172, ಬೆಳಗಿನ ಬಿಸಿಲು. ಬಲಕ್ಕೆ ಕುದುರೆಮುಖದ ಸಾಲು. ಮುಂದೆ ಬೆಳ್ತಂಗಡಿಯ ಕಡೆ, ಹಸುರಿನ ನಡುವೆ ಒಂಟಿಯಾಗಿ ಎದ್ದು ನಿಂತ ಗಡಾಯಿಕಲ್ಲು. ನೀವು ಕೂತಿರುವುದು ಮಾತ್ರ ಬೆಂಗಳೂರಿನ ಬಾಡಿಗೆ ಮನೆಯ ಮಹಡಿ ಕೋಣೆಯಲ್ಲಿ. ಎದುರಿಗೆ ಫ್ಲೈಟ್ ಸಿಮ್ಯುಲೇಟರ್ ಓಡುತ್ತಿರುವ 32 ಇಂಚಿನ 4ಕೆ ಮಾನಿಟರ್, ಎಡಗೈಗೆ ಯೋಕ್, ಬಲಗೈಗೆ ಥ್ರಾಟಲ್, ಅದರ ಪಕ್ಕ ಕಾಫಿ ಲೋಟ.

ವಿಮಾನದ ಡ್ಯಾಶ್‌ಬೋರ್ಡಿನ ಜಿ1000 ಪರದೆಯ ಒಂದೊಂದು ಅಂಕಿಯೂ ಸ್ಪಷ್ಟ. ಗಾಳಿ ಯಾವ ಕಡೆಯಿಂದ, ಇಂಧನ ಎಷ್ಟು, ಮಂಗಳೂರು ಇನ್ನೆಷ್ಟು ದೂರ, ಎಲ್ಲವನ್ನೂ ಬೆನ್ನು ಕುರ್ಚಿಗೆ ಒರಗಿಸಿಕೊಂಡೇ ಓದುತ್ತೀರಿ. ಪಕ್ಕದ ಕಿಟಕಿಯಲ್ಲಿ ಚಾರ್ಟ್ ತೆರೆದಿದೆ. ಫೋನ್ ಬಂತು, ಒಂದು ಗುಂಡಿ ಒತ್ತಿದಿರಿ, ವಿಮಾನ ಗಾಳಿಯಲ್ಲೇ ನಿಂತಿತು. ಕೊರಿಯರ್‌ನವನಿಗೆ ಓಟಿಪಿ ಹೇಳಿ ಬಂದು ಮತ್ತೆ ಗುಂಡಿ ಒತ್ತಿದರೆ, ಬಿಟ್ಟ ಜಾಗದಿಂದಲೇ ಹೊರಟಿತು.

ಐದು ನಾಟಿಕಲ್ ಮೈಲಿ ಫೈನಲ್, ಅಂದರೆ ಇಳಿಯುವ ಮುನ್ನಿನ ಕೊನೆಯ ನೇರ ಹಾದಿ. ಎತ್ತರ ಸುಮಾರು 1,900 ಅಡಿ. ಮುಂದೆ ಮಂಗಳೂರು ವಿಮಾನ ನಿಲ್ದಾಣವಿರುವ ಬಜಪೆಯ ರನ್‌ವೇ 24, ಗುಡ್ಡದ ನೆತ್ತಿ ಸವರಿ ಮಾಡಿದ 2,450 ಮೀಟರಿನ ಪಟ್ಟಿ. ಆಚೆ ಅರಬ್ಬಿ ಸಮುದ್ರ. ಅಷ್ಟು ದೂರದಿಂದ 45 ಮೀಟರ್ ಅಗಲದ ರನ್‌ವೇ ನಿಮ್ಮ ಮಾನಿಟರಿನ ಮೇಲೆ ಅಡ್ಡಕ್ಕೆ ಹನ್ನೊಂದು ಪಿಕ್ಸೆಲ್. ಸಾಕು, ಇಳಿಜಾರು ತೋರಿಸುವ ಪಾಪಿ ದೀಪಗಳು ಎರಡು ಬಿಳಿ, ಎರಡು ಕೆಂಪು ಎಂದು ಎಣಿಸಲು ಬರುತ್ತದೆ. ಹಾದಿ ತೋರಿಸುವ ಸೂಜಿ ನಡುವಿನಲ್ಲಿದೆ, ವೇಗ 65 ನಾಟ್. ಕೆಳಗೆ ಕಣಿವೆ ಇದೆ ಎಂಬುದು ಗೊತ್ತು. ಗೊತ್ತು, ಅಷ್ಟೇ. ಹೊಟ್ಟೆಗೆ ತಾಗುವುದಿಲ್ಲ.

ರನ್‌ವೇ ತುದಿ ದಾಟಿತು. ಇನ್ನೂ ಸ್ವಲ್ಪ ಮೇಲಿದ್ದೇವೆ ಅನ್ನಿಸುತ್ತಿದೆ. ಇನ್ನೊಂದು ಕ್ಷಣ ಬಿಟ್ಟು ಮೂತಿ ಎತ್ತೋಣ ಅಂದುಕೊಳ್ಳುವಷ್ಟರಲ್ಲಿ ದಡ್! ಚಕ್ರ ನೆಲಕ್ಕೆ ಬಡಿದು, ಎಗರಿ, ಮತ್ತೆ ಬಡಿಯಿತು.

ಇದರಲ್ಲಿ ನಿಮ್ಮ ತಪ್ಪು ಕಡಿಮೆ, ಲೆಕ್ಕದ ತಪ್ಪು ಹೆಚ್ಚು. ಮುಕ್ಕಾಲು ಮೀಟರಿಗಿಂತ ತುಸು ಹತ್ತಿರ ಕೂತವರ ಕಣ್ಣಿಗೆ 32 ಇಂಚಿನ ಮಾನಿಟರ್ ತುಂಬುವುದು ಸುಮಾರು 53 ಡಿಗ್ರಿ. ಅದೇ ಚೌಕಟ್ಟಿನೊಳಗೆ ಸಿಮ್ಯುಲೇಟರ್ 80 ಡಿಗ್ರಿಯ ನೋಟ ತುರುಕಿದೆ. ಇಲ್ಲದಿದ್ದರೆ ಡ್ಯಾಶ್‌ಬೋರ್ಡೂ ಆಕಾಶವೂ ಒಟ್ಟಿಗೆ ಕಾಣುವುದಿಲ್ಲ. ಹೀಗಾಗಿ ಎದುರಿನ ರನ್‌ವೇ ನಿಜದಲ್ಲಿ ಕಾಣಬೇಕಾದ ಅಳತೆಯ ಐದರಲ್ಲಿ ಮೂರು ಪಾಲು ಮಾತ್ರ. ಕಿರಿದಾಗಿ ಕಂಡ ರನ್‌ವೇ ದೂರದಲ್ಲಿದೆ ಎಂದು ಕಣ್ಣು ನಂಬುತ್ತದೆ. ಅಭ್ಯಾಸವಿಲ್ಲದ ಕಿರಿದಾದ ರನ್‌ವೇಗೆ ಇಳಿಯುವ ನಿಜವಾದ ಪೈಲಟ್‌ಗಳಿಗೂ ಇದೇ ಭ್ರಮೆ ಕಾಡುತ್ತದೆ. ಚಿತ್ರ ಎಷ್ಟು ಸ್ಪಷ್ಟವಿದ್ದರೂ ಅಳತೆ ಸುಳ್ಳು.

ಸರಿ, ಈಗ ವಿಆರ್ ಹೆಡ್‌ಸೆಟ್. ಮೆಟಾ ಕ್ವೆಸ್ಟ್ 3, ತೂಕ 515 ಗ್ರಾಂ. ಪಟ್ಟಿಯನ್ನು ತಲೆಯ ಹಿಂದಕ್ಕೆಳೆದು ಬಿಗಿ ಮಾಡುತ್ತೀರಿ, ಕಣ್ಣಿನ ಅಂತರದ ಗಾಲಿ ತಿರುಗಿಸುತ್ತೀರಿ. ಮೇಜು ಮಾಯವಾಯಿತು, ಕಾಫಿಯೂ ಮಾಯವಾಯಿತು.

ಎಡ ಮೊಣಕೈ ಪಕ್ಕದಲ್ಲೇ ಬಾಗಿಲು. ಸೆಸ್ನಾ ಇಷ್ಟು ಇಕ್ಕಟ್ಟೆಂದು ಮಾನಿಟರ್ ಯಾವತ್ತೂ ಹೇಳಿರಲಿಲ್ಲ. ತಲೆ ಹೊರಳಿಸಿದರೆ ರೆಕ್ಕೆಗೆ ಆಸರೆ ಕೊಟ್ಟ ಕಂಬಿ, ಇಣುಕಿದರೆ ಕೆಳಗೆ ಚಕ್ರ, ಚಕ್ರದಡಿ ಅಡಿಕೆ ತೋಟ. ಗಡಾಯಿಕಲ್ಲನ್ನು ಈ ಸಲ ಕತ್ತು ತಿರುಗಿಸುತ್ತಾ ಹಿಂಬಾಲಿಸುತ್ತೀರಿ. ಅದು ನಿಧಾನವಾಗಿ ರೆಕ್ಕೆಯಡಿ ಸರಿಯಿತು. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಸಿಗುವುದರಿಂದ ಬಂಡೆಗೆ ಮೈ ಬಂತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಷ್ಟು ದೂರದ ವಸ್ತುವಿನ ಆಳ ಅಳೆಯಲು ಎರಡು ಕಣ್ಣಿನ ನಡುವಿನ ಆರು ಸೆಂಟಿಮೀಟರ್ ಯಾವ ಮೂಲೆಗೂ ಸಾಲದು. ಕಣ್ಣೆರಡರ ಕರಾಮತ್ತು ನಡೆಯುವುದು ಕಾಕ್‌ಪಿಟ್‌ನೊಳಗೆ, ಯೋಕಿನಿಂದ ಗಾಜಿನವರೆಗೆ. ಬಂಡೆ ದೊಡ್ಡದಾಗಿ ಕಂಡದ್ದು ಅದು ತನ್ನ ನಿಜವಾದ ಅಳತೆಯಲ್ಲಿ ಕಂಡದ್ದರಿಂದ.

ಆದರೆ ನಾವೀಗ ಹಾರುತ್ತಿರುವ ಎತ್ತರ ಎಷ್ಟು? ಜಿ1000 ಕಡೆ ನೋಡಿದರೆ, ಅಂಕಿಗಳು ಸೊಳ್ಳೆ ಪರದೆಯೊಳಗಿಂದ ಕಂಡ ಹಾಗೆ. ಬಗ್ಗಿ ಮುಖವನ್ನು ಪರದೆಯ ಹತ್ತಿರ ಒಯ್ದಾಗ ಓದಲು ಬಂತು. ಕ್ವೆಸ್ಟ್ 3ರಲ್ಲಿ ಒಂದೊಂದು ಕಣ್ಣಿಗೂ 2064×2208 ಪಿಕ್ಸೆಲ್. ಎರಡೂ ಸೇರಿ 91 ಲಕ್ಷ. ನಿಮ್ಮ 4ಕೆ ಮಾನಿಟರಿನಲ್ಲಿರುವುದು 83 ಲಕ್ಷ. ಅಂಗಡಿಯವನು ಇದನ್ನೇ ಹೇಳಿ ಹೆಡ್‌ಸೆಟ್ ಮಾರುತ್ತಾನೆ. ಆದರೆ ಒಂದು ಕಣ್ಣಿನ ಪಾಲಿನ ಆ ಪಿಕ್ಸೆಲ್‌ಗಳು ಬಹಳ ಅಗಲದ ನೋಟದ ಮೇಲೆ ಹರಡಿವೆ, ನಡುಭಾಗದಲ್ಲೂ ಡಿಗ್ರಿಗೆ ಸುಮಾರು 25ರಂತೆ. ಮಾನಿಟರಿನಲ್ಲಿ ಡಿಗ್ರಿಗೆ 65ಕ್ಕೂ ಮೇಲೆ. ಒಳ್ಳೆಯ ದೃಷ್ಟಿಯ ಕಣ್ಣು ಬೇಡುವುದು ಸುಮಾರು 60. ಚಾಳೀಸು ಬಂದವರಿಗೆ ಮಾತ್ರ ಇಲ್ಲೊಂದು ಲಾಭ: ಲೆನ್ಸಿನ ಫೋಕಸ್ ಮೀಟರಿಗಿಂತ ಆಚೆ ಇರುವುದರಿಂದ, ಹತ್ತಿರದ ಡ್ಯಾಶ್‌ಬೋರ್ಡ್ ಓದಲು ಕನ್ನಡಕ ಹುಡುಕಬೇಕಾಗಿಲ್ಲ.

ರೇಡಿಯೋ ಬದಲಿಸಬೇಕು. ಕೀಬೋರ್ಡ್ ಎಲ್ಲಿ? ಕೈ ತಡಕಾಡುತ್ತದೆ, ಲೋಟಕ್ಕೆ ತಾಗುತ್ತದೆ. ಬಾಗಿಲ ಬಳಿಯಿಂದ ಅಮ್ಮನ ದನಿ: “ಏನೋ ಅದು, ಕಣ್ಣಿಗೆ ಡಬ್ಬ ಕಟ್ಕೊಂಡು ಕೂತಿದೀಯ? ದೋಸೆ ಆರ್ತಾ ಇದೆ.” ಅಮ್ಮ ಎಡಕ್ಕಿದ್ದಾರೋ ಬಲಕ್ಕೋ ತಿಳಿಯದೆ ಮಂಗಳೂರಿನ ಆಕಾಶಕ್ಕೆ ಮುಖ ಮಾಡಿಕೊಂಡೇ “ಬಂದೆ ಅಮ್ಮಾ” ಅನ್ನುತ್ತೀರಿ.

ಮತ್ತೆ ಐದು ಮೈಲಿ ಫೈನಲ್. ರನ್‌ವೇ ಈಗ ಏಳೇ ಪಿಕ್ಸೆಲ್. ಪಾಪಿ ದೀಪಗಳು ಮಿಣಮಿಣ, ಕೆಂಪೋ ಬಿಳಿಯೋ ಹೇಳಲಾಗದು. ಮೂರು ಮೈಲಿಗೆ ಬಂದ ಮೇಲೇ ನಂಬಿಕೆ. ಅಲ್ಲಿಯವರೆಗೂ ಹೆಡ್‌ಸೆಟ್ ಸೋಲುತ್ತಲೇ ಇದೆ.

ನೆಲದಿಂದ ಐನೂರು ಅಡಿ. ಇಲ್ಲಿ ಆಟ ತಿರುಗುತ್ತದೆ. ರನ್‌ವೇ ಕಣ್ಣ ಮಟ್ಟಕ್ಕೆ ಏರಿ ಬರುತ್ತಿದೆ, ಈಚೆಗಿನ ನೆಲ ಕುಸಿದು ಕಣಿವೆಗೆ ಇಳಿದಿದೆ. ಇಳಿಯುತ್ತಿರುವಾಗಲೂ ಕೆಳಗಿನ ನೆಲ ಹತ್ತಿರವಾಗದೆ, ಎದುರಿನ ಗುಡ್ಡವೇ ಹತ್ತಿರವಾಗುವ ವಿಚಿತ್ರ. ಕಾಲ್ಬೆರಳುಗಳು ತಾವಾಗಿಯೇ ಪೆಡಲಿನ ಮೇಲೆ ಬಿಗಿಯುತ್ತವೆ. ಟೇಬಲ್‌ಟಾಪ್ ರನ್‌ವೇ ಎಂದು ಪತ್ರಿಕೆಯಲ್ಲಿ ನೂರು ಸಲ ಓದಿದ್ದೀರಿ. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ವಿಮಾನ ಇದೇ 24ರ ಮೇಲೆ ಬಹಳ ಮುಂದೆ ಹೋಗಿ ನೆಲ ಮುಟ್ಟಿ, ಆಚೆ ತುದಿಯ ಕಣಿವೆಗೆ ಬಿತ್ತು. 158 ಜನ ತೀರಿಕೊಂಡರು, ಎಂಟು ಜನ ಉಳಿದರು. ಆ ತುದಿಯ ಆಚೆ ಏನೂ ಇಲ್ಲ ಎನ್ನುವುದು ಈ ಕುರ್ಚಿಯಲ್ಲಿ ಕೂತು ನೋಡಿದಾಗ ಅರ್ಥವಾಗುವಷ್ಟು ಯಾವ ನಕ್ಷೆಯಿಂದಲೂ ಆಗಿರಲಿಲ್ಲ.

ತುದಿ ದಾಟಿತು. ಓರೆಗಣ್ಣಿಗೆ ರನ್‌ವೇಯ ಎರಡೂ ಅಂಚು ಅಗಲವಾಗಿ ಮೇಲೇರುತ್ತಿವೆ. ಲೆಕ್ಕ ಹಾಕಲಿಲ್ಲ, ಕೈ ತಾನಾಗಿ ಯೋಕ್ ಎಳೆಯಿತು. ಚಕ್ರ ನೆಲ ಮುಟ್ಟಿದ್ದು ಸದ್ದಿನಿಂದಲೇ ಗೊತ್ತಾಯಿತು.

ನಿಲ್ಲಬೇಡಿ, ಪೂರ್ತಿ ಥ್ರಾಟಲ್, ರನ್‌ವೇಗೆ ಒಂದು ಸುತ್ತು ಹಾಕುವ ಸರ್ಕ್ಯೂಟ್. ಎಡಕ್ಕೆ ತಿರುಗಿ, ಮತ್ತೆ ಎಡಕ್ಕೆ, 1,300 ಅಡಿಯಲ್ಲಿ ರನ್‌ವೇಗೆ ಸಮಾನಾಂತರವಾಗಿ ಪೂರ್ವದ ಕಡೆ. ಕೆಳಗೆ ಗುರುಪುರ ನದಿ, ಮರವೂರು ಸೇತುವೆ. ಎಡ ಭುಜದ ಮೇಲಿಂದ ಹಿಂದಕ್ಕೆ ನೋಡಿ: ರನ್‌ವೇ ತುದಿ 45 ಡಿಗ್ರಿ ಹಿಂದೆ ಬಿದ್ದಾಗ ತಿರುಗಬೇಕು. ಮಾನಿಟರಿನಲ್ಲಿ ಇದಕ್ಕೆ ಗುಂಡಿ ಒತ್ತಿ ನೋಟ ಬದಲಿಸಬೇಕಿತ್ತು, ಅಷ್ಟರಲ್ಲಿ ದಿಕ್ಕೇ ತಪ್ಪುತ್ತಿತ್ತು. ತಲೆಯ ಚಲನೆ ಹಿಡಿಯುವ ಟ್ರ್ಯಾಕ್‌ಐಆರ್ ಇದ್ದರೂ ತಲೆ ತುಸು ಹೊರಳಿಸಿ ಕಣ್ಣನ್ನು ಪರದೆಯಲ್ಲೇ ಇಟ್ಟುಕೊಳ್ಳುವ ಕಸರತ್ತು ತಪ್ಪದು. ಇಲ್ಲಿ ಕತ್ತು ತಿರುಗಿಸಿದರೆ ಮುಗಿಯಿತು. ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆ 2021ರಲ್ಲಿ ಮೊದಲ ಸಲ ವಿಆರ್ ಆಧಾರಿತ ತರಬೇತಿ ಸಾಧನವನ್ನು ಒಪ್ಪಿದ್ದು ಹೆಲಿಕಾಪ್ಟರಿಗೆ ಎಂಬುದು ಸುಮ್ಮನೆ ಅಲ್ಲ. ನೆಲದ ಮೇಲೆ ತೇಲಿ ನಿಲ್ಲುವವನಿಗೆ ಕಾಲ ಬಳಿಯ ಹುಲ್ಲು, ಬದಿಯ ಮರ ಬೇಕು. ಡ್ಯಾಶ್‌ಬೋರ್ಡಿನ ಅಂಕಿ ಆಮೇಲೆ.

ಮತ್ತೊಂದು ಸುತ್ತಿನ ಹೊತ್ತಿಗೆ ಹಣೆಯಲ್ಲಿ ತಣ್ಣನೆ ಬೆವರು. ವಿಮಾನ ವಾಲಿತೆಂದು ಕಣ್ಣು, ಕುರ್ಚಿ ಅಲ್ಲಾಡಿಲ್ಲವೆಂದು ಕಿವಿಯೊಳಗಿನ ಸಮತೋಲನ. ನಡುವೆ ಹೊಟ್ಟೆ ತೊಳಸುತ್ತದೆ. ಚಿತ್ರ ತಡವರಿಸಿದರಂತೂ ಇನ್ನೂ ಕಷ್ಟ. ಸೆಕೆಂಡಿಗೆ 90 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವುದು 11 ಮಿಲಿಸೆಕೆಂಡು, ಅದೂ ಎರಡು ಕಣ್ಣಿಗೆ. ಸಾಧಾರಣ ಗ್ರಾಫಿಕ್ಸ್ ಕಾರ್ಡ್ ಅರ್ಧಕ್ಕೇ ಏದುಸಿರು ಬಿಡುತ್ತದೆ. ಮಿಕ್ಕ ಚಿತ್ರಗಳನ್ನು ಸಾಫ್ಟ್‌ವೇರ್ ಊಹಿಸಿ ತುಂಬುತ್ತದೆ, ಪ್ರೊಪೆಲರಿನ ಅಂಚು ನೀರಿನಲ್ಲಿ ಕಂಡ ಹಾಗೆ ಅಲುಗುತ್ತದೆ. ಕಳಚಿಡಿ. ಹಟ ಮಾಡಿ ಮುಂದುವರಿಸಿದವರು ಆಮೇಲೆ ಹೆಡ್‌ಸೆಟ್ ಕಂಡರೇ ಓಕರಿಸುತ್ತಾರೆ.

ದೋಸೆ ಮುಗಿಸಿ ಬಂದು ವಾಪಸು ಬೆಂಗಳೂರಿಗೆ, ಈ ಸಲ ಏರ್‌ಬಸ್, ರಾತ್ರಿ, ಮೋಡದೊಳಗೆ. ಇದಕ್ಕೆ ಮಾನಿಟರ್ ಬಿಟ್ಟು ಬೇರೆ ಯೋಚನೆ ಬೇಡ. ಹೊರಗೆ ನೋಡಲು ಏನಿದೆ? ದಾರಿಯ ಬಿಂದುಗಳನ್ನು ಕಂಪ್ಯೂಟರಿಗೆ ಟೈಪ್ ಮಾಡಬೇಕು, ಚಾರ್ಟ್ ಓದಬೇಕು, ಕೆಂಪೇಗೌಡ ನಿಲ್ದಾಣದಲ್ಲಿ ಇಳಿಯುವ ದಾರಿ ತೋರುವ ಐಎಲ್‌ಎಸ್ ಸಂಕೇತ ಹಿಡಿಯಬೇಕು.

ಕೊಳ್ಳುವ ಮುಂಚೆ ಇನ್ನೊಂದು ವಿಷಯ. ಕೆಲವು ಹೆಡ್‌ಸೆಟ್‌ಗಳನ್ನು ನಡೆಸುತ್ತಿದ್ದ ವಿಂಡೋಸ್ ಮಿಕ್ಸ್ಡ್ ರಿಯಾಲಿಟಿ ಸಾಫ್ಟ್‌ವೇರನ್ನು ಮೈಕ್ರೋಸಾಫ್ಟ್ 2024ರಲ್ಲಿ ವಿಂಡೋಸ್ 11ರ ಹೊಸ ಆವೃತ್ತಿಯಿಂದ ತೆಗೆದುಹಾಕಿತು. ಫ್ಲೈಟ್ ಸಿಮ್ ಮಂದಿ ಆಸೆಪಟ್ಟು ಕೊಂಡಿದ್ದ ಎಚ್‌ಪಿ ರಿವರ್ಬ್ ಜಿ2 ಹೆಡ್‌ಸೆಟ್ ಅದನ್ನೇ ನಂಬಿತ್ತು. ಮಾನಿಟರಿಗೆ ಅಂಥ ಗತಿ ಬರುವುದಿಲ್ಲ; ಹಳೆಯದಾದರೂ ಮಗಳ ಆನ್‌ಲೈನ್ ಕ್ಲಾಸಿಗೆ ಆಗುತ್ತದೆ.

ಆದ್ದರಿಂದ ದುಡ್ಡು ಒಂದಕ್ಕೇ ಇದ್ದರೆ ಮೊದಲು ಮಾನಿಟರ್, ಉಳಿದದ್ದು ಗ್ರಾಫಿಕ್ಸ್ ಕಾರ್ಡಿಗೆ. ಹಾರಿಸುವುದೇ ಹೆಲಿಕಾಪ್ಟರ್ ಅಥವಾ ಗ್ಲೈಡರ್ ಆದರೆ ಮಾತು ಉಲ್ಟಾ. ಹೆಡ್‌ಸೆಟ್ಟನ್ನು ಒಂದು ಭಾನುವಾರದ ಮಟ್ಟಿಗೆ ಗೆಳೆಯರಿಂದ ಕಡ ತನ್ನಿ, ಹೊಟ್ಟೆ ತೊಳಸದಿರಲು ಟೇಬಲ್ ಫ್ಯಾನನ್ನು ಮುಖಕ್ಕೆ ನೇರ ಇಟ್ಟುಕೊಳ್ಳಿ, ಬಜಪೆಯ ಸರ್ಕ್ಯೂಟನ್ನೇ ಮೊದಲು ಹಾರಿಸಿ.