ಮುಂಗಡ ಟಿಕೆಟ್ಟಿನ ಲೆಕ್ಕ

ಗುಡಿಬಂಡೆಯ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಕನ್ನಡದಲ್ಲಾದರೂ ಅವರ ರಜೆಯ ಪಟ್ಟಿ ಬರುವುದು ಆಂಧ್ರಪ್ರದೇಶದ ಶಿಕ್ಷಣ ಇಲಾಖೆಯಿಂದ. ಸಂಕ್ರಾಂತಿಗೆ ಇಲ್ಲಿ ವಾರಕ್ಕೂ ಮೀರಿದ ರಜೆ; ಗಡಿಯಾಚೆ ಶಿರಾ, ಮಧುಗಿರಿಗಳಲ್ಲಿರುವ ನೆಂಟರ ಮಕ್ಕಳಿಗೆ ಒಂದೇ ದಿನ. ಒಟ್ಟುಗೂಡಿ ಎಲ್ಲಿಗಾದರೂ ಹೋಗಬೇಕೆಂದರೆ ಇದು ತೊಡಕೇ ಸರಿ. ಆದರೆ ಪ್ರಯಾಣದರದ ಮಟ್ಟಿಗೆ ಇದರೊಳಗೆ ಒಂದು ಅನುಕೂಲವೂ ಅಡಗಿದೆ. ಆ ಊರಿನ ಮೇಷ್ಟ್ರೊಬ್ಬರ ಮನೆಯವರು ಅದನ್ನು ಕಳೆದ ಸಂಕ್ರಾಂತಿಯಲ್ಲಿ ಕಂಡುಕೊಂಡರು. ಕಂಡುಕೊಳ್ಳುವ ಮುನ್ನ ನಾಲ್ಕು ತಿಂಗಳ ಚರ್ಚೆ ನಡೆದಿತ್ತೆಂಬುದು ಬೇರೆ ಮಾತು.

ಚರ್ಚೆಗೆ ಮೂಲ, ಮೇಷ್ಟ್ರ ತಾಯಿಯವರು ಸಮುದ್ರವನ್ನು ನೋಡಿಲ್ಲದಿರುವುದು. ಎಪ್ಪತ್ತು ದಾಟಿದ ಆಕೆ ತಿರುಪತಿ, ಮಂತ್ರಾಲಯ, ಶ್ರೀಶೈಲಗಳನ್ನು ಕಂಡವರು. ಕಡಲನ್ನು ಮಾತ್ರ ಕಂಡಿರಲಿಲ್ಲ. ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಭಾವಮೈದುನ ಫೋನು ಮಾಡಿ, "ಭಾವ, ಮುಂಬೈಯಿಂದ ಗೋವೆಯ ಕಡೆಗೆ ವಿಹಾರದ ಹಡಗು ಹೋಗುತ್ತದೆ. ಜನವರಿಗೆ ಈಗಲೇ ಕಟ್ಟಿದರೆ ನೂರಕ್ಕೆ ಹತ್ತು ಕಡಿಮೆ. ಈ ವಾರ ದಾಟಿದರೆ ದರ ಏರುತ್ತದಂತೆ" ಎಂದರು. ಮೇಷ್ಟ್ರ ಪತ್ನಿಗೆ ತಮ್ಮನ ಮಾತು ಹಿಡಿಸಿತು. ಮಕ್ಕಳಂತೂ ಆ ಸಂಜೆಯೇ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ಹಡಗು ಬರೆದರು.

ಹಡಗಿನ ದರ ನಮ್ಮ ಬಸ್ಸಿನ ದರದಂತಲ್ಲ. ಕೋಣೆಗಳು ಇಷ್ಟೇ ಎಂದು ಗೊತ್ತಿರುತ್ತದೆ. ಹಡಗು ಬಂದರು ಬಿಟ್ಟ ಮೇಲೆ ಖಾಲಿ ಕೋಣೆಗೆ ಕಿಲುಬುಕಾಸಿನ ಬೆಲೆಯೂ ಇಲ್ಲ. ಆದುದರಿಂದ ಕಂಪನಿಯವರು ಮೊದಲು ಬಂದವರಿಗೆ ಕಡಿಮೆಗೆ ಕೊಟ್ಟು, ಕೋಣೆ ತುಂಬಿದಂತೆ ಏರಿಸಿ, ತುಂಬದೆ ಹೋದರೆ ಕೊನೆಯಲ್ಲಿ ಮತ್ತೆ ಇಳಿಸುತ್ತಾರೆ. ಕೊನೆಯ ಇಳಿಕೆ ಪ್ರಯೋಜನಕ್ಕೆ ಬರುವುದು ನಾಳೆ ಹೊರಡು ಎಂದರೆ ಹೊರಡಬಲ್ಲವರಿಗೆ; ಶಾಲೆಯ ಗಂಟೆಗೆ ಕಟ್ಟುಬಿದ್ದವರಿಗಲ್ಲ. ಜಾಹೀರಾತಿನಲ್ಲಿ ದಪ್ಪಕ್ಷರದ ಮೊತ್ತ ಸಾಮಾನ್ಯವಾಗಿ ಇಬ್ಬರು ಹಂಚಿಕೊಳ್ಳುವ ಕೋಣೆಯಲ್ಲಿ ಒಬ್ಬರಿಗೆ, ಅದೂ ಕಿಟಕಿಯಿಲ್ಲದ ಕೋಣೆಗೆ. ಬಂದರಿನ ಶುಲ್ಕ, ಸೇವೆಯವರ ಇನಾಮು, ತೆರಿಗೆ ಇವೆಲ್ಲ ಆಮೇಲೆ ಸೇರುತ್ತವೆ. ಅಮೆರಿಕದ ದೊಡ್ಡ ಹಡಗು ಕಂಪನಿಗಳಲ್ಲಿ, ಪೂರ್ತಿ ಹಣ ಕಟ್ಟುವ ಗಡುವಿಗೆ ಮೊದಲು ದರ ಇಳಿದರೆ ಇಳಿದ ದರವನ್ನೇ ಕೇಳಿ ಪಡೆಯುವ ರೂಢಿಯುಂಟು. ಭಾವಮೈದುನ ಕಳುಹಿಸಿದ ಕಾಗದದಲ್ಲಿ ಅಂತಹ ಮಾತೇನೂ ಇರಲಿಲ್ಲ.

ಆ ಕಾಗದವನ್ನು ಓದಿ ಹೇಳಿದಾಗ ತಾಯಿಯವರು ಕೇಳಿದ ಪ್ರಶ್ನೆ ಒಂದೇ: "ನಾಕು ತಿಂಗಳು ನಮ್ಮ ದುಡ್ಡು ಅವರ ಹತ್ತಿರ ಇದ್ದರೆ ಬಡ್ಡಿ ಯಾರಿಗಪ್ಪಾ?"

ಓದಿದವರು ಮರೆಯುವ ಪ್ರಶ್ನೆ ಇದು. ಮಡಕಶಿರಾ ಸೀಮೆಯ ಮನೆಗಳಲ್ಲಿ ಸೆಪ್ಟೆಂಬರ್ ಕೈ ಬರಿದಾಗಿರುವ ತಿಂಗಳು. ಕಡಲೆಕಾಯಿ ಇನ್ನೂ ನೆಲದೊಳಗೆ ಇರುತ್ತದೆ. ಮೇಷ್ಟ್ರಿಗೆ ಸಂಬಳವಿದ್ದರೂ ಅಷ್ಟು ಹಣವನ್ನು ಒಮ್ಮೆಗೇ ಕಟ್ಟಲು ಸಾಲವೇ ಆಗಬೇಕಿತ್ತು. ಒಂದು ಲಕ್ಷದ ದರವೆಂದು ಇಟ್ಟುಕೊಂಡರೆ ಹತ್ತು ಸಾವಿರ ಬಿಟ್ಟು ತೊಂಬತ್ತು ಸಾವಿರ ಕಟ್ಟಬೇಕು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಾದರೆ ನಾಲ್ಕು ತಿಂಗಳಿಗೆ 7,200 ರೂಪಾಯಿ, ಉಳಿತಾಯ 2,800. ಮೂರು ರೂಪಾಯಿ ಬಡ್ಡಿಯಾದರೆ 10,800. ಅಂದರೆ ರಿಯಾಯಿತಿಯೇ ನಷ್ಟ. ಮುಂಗಡದ ರಿಯಾಯಿತಿ ಜಾಣರಿಗೆ ಸಿಗುವ ಬಹುಮಾನವೆಂದು ಜಾಹೀರಾತು ಹೇಳುತ್ತದೆ. ವಾಸ್ತವದಲ್ಲಿ ಅದು ಕೈಯಲ್ಲಿ ಹಣವಿದ್ದವರಿಗೆ ಸಿಗುವ ಬಡ್ಡಿ.

ಇನ್ನು ರದ್ದತಿಯ ಷರತ್ತು. ಹೊರಡುವ ದಿನ ಹತ್ತಿರವಾದಂತೆ ಕಡಿತ ಹೆಚ್ಚುತ್ತ, ಕೊನೆಯ ದಿನಗಳಲ್ಲಿ ಒಂದು ರೂಪಾಯಿಯೂ ಮರಳುವುದಿಲ್ಲವೆಂದು ಸಣ್ಣಕ್ಷರದಲ್ಲಿತ್ತು. ಎಪ್ಪತ್ತು ದಾಟಿದವರಿರುವ ಮನೆಯಲ್ಲಿ ಜನವರಿಯ ಆರೋಗ್ಯಕ್ಕೆ ಸೆಪ್ಟೆಂಬರಿನಲ್ಲಿ ಯಾರು ಜಾಮೀನು? ವ್ಯಾಜ್ಯವೇನಿದ್ದರೂ ಮುಂಬೈ ನ್ಯಾಯಾಲಯದಲ್ಲಿ ಎಂಬ ಸಾಲೂ ಕೆಳಗಿತ್ತು. ಅದಕ್ಕೆ ಮಾತ್ರ ಹೆದರಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 34ನೆಯ ಕಲಮು ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಅವಕಾಶ ನೀಡಿದೆ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಸಲ್ಲಿಸಬೇಕು. ಅದಕ್ಕೆ ಮೊದಲು 1915 ಸಂಖ್ಯೆಗೆ ಕರೆಮಾಡಿ ಅಹವಾಲು ಹೇಳಿಕೊಳ್ಳಬಹುದು. ಆದರೂ ಷರತ್ತನ್ನು ಒಪ್ಪಿ ಹಣ ಕಟ್ಟಿ, ತಾನಾಗಿಯೇ ಪ್ರಯಾಣ ಬಿಟ್ಟವನ ವಾದ ಎಲ್ಲಿಯೂ ಅಷ್ಟು ಸುಲಭವಲ್ಲ.

ಹಡಗು ಹೀಗೆ ಮನೆಯ ಜಗುಲಿಯಲ್ಲೇ ನಿಂತಿತು. ಮಕ್ಕಳು ಎರಡು ದಿನ ಮುನಿಸಿಕೊಂಡರು. ಸಮುದ್ರ ಉಳಿಯಿತು, ಅದಕ್ಕೆ ರೈಲಿದೆ.

ಸಾಮಾನ್ಯ ಸ್ಲೀಪರ್ ದರ್ಜೆಗೆ ಮೊದಲು ಕಾಯ್ದಿರಿಸಿದವನೂ ಕೊನೆಗೆ ಕಾಯ್ದಿರಿಸಿದವನೂ ಕೊಡುವುದು ಒಂದೇ ದರ, ತತ್ಕಾಲ್ ಹೊರತು. ರಾಜಧಾನಿ, ಶತಾಬ್ದಿ, ದುರಂತೋಗಳಲ್ಲಿ 2016ರ ಸೆಪ್ಟೆಂಬರಿನಿಂದ ಸೀಟು ತುಂಬಿದಂತೆ ದರ ಏರುವ ಪದ್ಧತಿ ಬಂದಿದ್ದರೂ ಗುಡಿಬಂಡೆಯವರು ಹತ್ತುವ ಗಾಡಿಗಳಿಗೆ ಅದು ತಟ್ಟಿಲ್ಲ. ಹಾಗಿದ್ದರೆ ರೈಲಿನಲ್ಲಿ ಮುಂಗಡದಿಂದ ಸಿಗುವುದೇನು? ಕೆಳಗಿನ ಬರ್ತು. ಅರವತ್ತು ದಾಟಿದವರಿಗೂ ನಲವತ್ತೈದು ದಾಟಿದ ಮಹಿಳೆಯರಿಗೂ ಲಭ್ಯವಿದ್ದರೆ ತಾನಾಗಿಯೇ ಕೆಳಬರ್ತು ಸಿಗುವ ಏರ್ಪಾಡಿದೆ. ಆ "ಲಭ್ಯವಿದ್ದರೆ" ಎಂಬ ಮಾತಿನ ಬೆಲೆ ಮಂಡಿನೋವಿನವರಿಗೆ ಗೊತ್ತು. ಹಿರಿಯರ ದರ ರಿಯಾಯಿತಿಯಂತೂ 2020ರ ಮಾರ್ಚಿನಲ್ಲಿ ನಿಂತದ್ದು ಮರಳಿ ಬಂದಿರಲಿಲ್ಲ. ಉಳಿದಿರುವ ಸವಲತ್ತು ಇದೊಂದೇ.

ಹಿಂದೆ ರೈಲಿನ ಮುಂಗಡ 120 ದಿನ ಮೊದಲೇ ತೆರೆಯುತ್ತಿತ್ತು. ಅಷ್ಟು ಮುಂಚೆ ಮಾಡಿದ ಕಾಯ್ದಿರಿಸುವಿಕೆಯಲ್ಲಿ ಸುಮಾರು ಶೇ. 21ರಷ್ಟು ರದ್ದಾಗುತ್ತಿದೆಯೆಂಬ ಕಾರಣ ಕೊಟ್ಟು ರೈಲ್ವೆ ಇಲಾಖೆ 2024ರ ನವೆಂಬರ್ 1ರಿಂದ ಅದನ್ನು 60 ದಿನಕ್ಕೆ ಇಳಿಸಿತು. ನಗರದ ಹಲವರು ಇದಕ್ಕೆ ಗೊಣಗಿದರು. ಬೇಸಾಯದ ಮನೆಗಳಿಗೆ ಮಾತ್ರ ಇದು ಅರಿಯದೆ ಆದ ಉಪಕಾರ. ಜನವರಿ 11ರ ಪ್ರಯಾಣಕ್ಕೆ ಹಳೆಯ ಲೆಕ್ಕದಲ್ಲಿ ಸೆಪ್ಟೆಂಬರ್ ನಡುವಿಗೇ ಹಣ ಹೊಂದಿಸಬೇಕಿತ್ತು. ಹೊಸ ಲೆಕ್ಕದಲ್ಲಿ ಬಾಗಿಲು ತೆರೆಯುವುದು ನವೆಂಬರ್ 12ರ ಬೆಳಿಗ್ಗೆ 8 ಗಂಟೆಗೆ. ಅಷ್ಟು ಹೊತ್ತಿಗೆ ಕಾಯಿ ಕಿತ್ತು, ಒಣಗಿಸಿ, ಮಾರಿ ಆಗಿರುತ್ತದೆ.

ಇನ್ನು ಯಾವ ದಿಕ್ಕಿನ ಸಮುದ್ರ ಎಂಬ ಪ್ರಶ್ನೆ. ಹಿಂದೂಪುರದಲ್ಲಿ ಹತ್ತಿದರೆ ಪ್ರಶಾಂತಿ ಎಕ್ಸ್‌ಪ್ರೆಸ್ ವಿಶಾಖಪಟ್ಟಣಕ್ಕೆ ಒಯ್ಯುತ್ತದೆ. ಆದರೆ ಸಂಕ್ರಾಂತಿಗೆ ಬೆಂಗಳೂರಿನ ತೆಲುಗರೆಲ್ಲ ಕರಾವಳಿ ಆಂಧ್ರದ ತಮ್ಮ ಊರುಗಳಿಗೆ ಹೊರಡುವ ಕಾಲವದು; ಆ ಕಡೆಯ ರೈಲುಗಳಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಪಡುವಣಕ್ಕೆ ಹೊರಟರೋ, ಕರ್ನಾಟಕದ ಮಕ್ಕಳಿಗೆ ಶಾಲೆ ನಡೆದಿರುತ್ತದೆ. ಭಾನುವಾರ ರಾತ್ರಿ ಜನ ಊರುಗಳಿಂದ ಬೆಂಗಳೂರಿಗೆ ಮರಳುತ್ತಾರೆಯೇ ವಿನಾ ಬೆಂಗಳೂರು ಬಿಡುವವರು ಕಡಿಮೆ. ಗಡಿನಾಡಿನ ರಜೆಯ ಅನುಕೂಲವೆಂದದ್ದು ಇದನ್ನೇ: ಇಲ್ಲಿನವರು ಜನಪ್ರವಾಹಕ್ಕೆ ಎದುರಾಗಿ ನಡೆಯಬಲ್ಲರು.

ಕರ್ನಾಟಕ ಸಾರಿಗೆಯ ಬಸ್ಸನ್ನೂ ಯೋಚಿಸಿದರು. ನಾಲ್ವರು ಅಥವಾ ಹೆಚ್ಚು ಮಂದಿ ಒಂದೇ ಟಿಕೆಟ್ಟಿನಲ್ಲಿದ್ದರೆ ಶೇ. 5, ಹೋಗಿಬರುವ ಟಿಕೆಟ್ಟು ಒಟ್ಟಿಗೇ ತೆಗೆದರೆ ಮರಳುವ ದರದಲ್ಲಿ ಶೇ. 10 ಕಡಿತ ಅಲ್ಲಿದೆ. ರಾತ್ರಿಯಿಡೀ ಕುಳಿತು ಘಟ್ಟ ಇಳಿಯಲು ತಾಯಿಯವರಿಗೆ ಆಗದೆಂದು ಕೈಬಿಟ್ಟರು. ನವೆಂಬರ್ 12ರಂದು ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ಸಿನಲ್ಲಿ ಉಡುಪಿಗೆ ಐದು ಬರ್ತುಗಳು, ಎರಡು ದಿನ ಬಿಟ್ಟು ಮರಳುವ ಟಿಕೆಟ್ಟು. ಆಗ ಜಾರಿಯಲ್ಲಿದ್ದ ನಿಯಮದಂತೆ ಹೊರಡುವುದಕ್ಕೆ 48 ಗಂಟೆ ಮೊದಲು ರದ್ದುಮಾಡಿದರೆ ಸ್ಲೀಪರಿನಲ್ಲಿ ತಲೆಗೆ 120 ರೂಪಾಯಿ ಕಡಿತ. ಆ ಧೈರ್ಯದ ಮೇಲೆಯೇ ತೆಗೆದದ್ದು. ಜನವರಿ 18ರಂದು ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯವಿದ್ದುದರಿಂದ ಕೋಣೆಯನ್ನೂ ಅಂದೇ ಗೊತ್ತುಮಾಡಿದರು. ಮುಂಗಡದಿಂದ ನಿಜಕ್ಕೂ ಹಣ ಉಳಿದದ್ದು ಅಲ್ಲಿಯೇ.

ಡಿಸೆಂಬರ್ 26ರಂದು ರೈಲುದರ ಏರಿತು. ಮೇಲ್, ಎಕ್ಸ್‌ಪ್ರೆಸ್ ಗಾಡಿಗಳಿಗೆ ಕಿಲೋಮೀಟರಿಗೆ ಎರಡು ಪೈಸೆ. ಆ ದಿನಕ್ಕೆ ಮೊದಲು ಕೊಂಡ ಟಿಕೆಟ್ಟಿಗೆ ಹೆಚ್ಚಳ ಅನ್ವಯಿಸಲಿಲ್ಲ. ಕರಾರು ಕುದುರಿದ ದಿನದ ಬೆಲೆಯೇ ಬೆಲೆ. ಮೇಷ್ಟ್ರು ಲೆಕ್ಕಹಾಕಿ ನೋಡಿದರೆ ಉಳಿದದ್ದು ತಲೆಗೆ ಹತ್ತು ರೂಪಾಯಿಗೂ ಕಡಿಮೆ. ಅದೇ ವಾರ ಭಾವಮೈದುನ ಮತ್ತೆ ಫೋನು ಮಾಡಿದರು. ಹಡಗಿನ ಕಿಟಕಿಯಿಲ್ಲದ ಇಬ್ಬರ ಕೋಣೆ ಸೆಪ್ಟೆಂಬರಿನ ದರಕ್ಕಿಂತಲೂ ಕೆಳಗೆ ಬಂದಿತ್ತು; ಐವರು ಒಟ್ಟಿಗೇ ಇರಬಹುದಾದ ಕೋಣೆ ಒಂದೂ ಉಳಿದಿರಲಿಲ್ಲ.

ಹಿಂದೂಪುರದವರೆಗೆ ಆಂಧ್ರದ ಬಸ್ಸು. 2025ರ ಆಗಸ್ಟ್ 15ರಿಂದ ಬಂದ ಸ್ತ್ರೀಶಕ್ತಿ ಯೋಜನೆಯಿಂದ ಮೂರು ತಲೆಮಾರಿನ ಮೂವರು ಹೆಂಗಸರಿಗೂ ಶೂನ್ಯ ಟಿಕೆಟ್ಟು. ಗಂಡಸರಿಬ್ಬರಿಗೆ ಮಾತ್ರ ಖರ್ಚು. ಪಂಚಗಂಗಾದಲ್ಲಿ ತಾಯಿಯವರಿಗೆ ಕೆಳಬರ್ತೇ ಸಿಕ್ಕಿತು. ಮರುದಿನ ಮಲ್ಪೆಯಲ್ಲಿ ಆಕೆ ಬಹಳ ಹೊತ್ತು ಮಾತಾಡದೆ ನಿಂತರು. ಅಲ್ಲಿಂದ ಸೇಂಟ್ ಮೇರಿ ದ್ವೀಪಕ್ಕೆ ಹೋಗುವ ದೋಣಿಗೆ ದಡದಲ್ಲಿಯೇ ಟಿಕೆಟ್ಟು; ಸಾಕಷ್ಟು ಜನ ಸೇರಿದಾಗ ದೋಣಿ ಹೊರಡುತ್ತದೆ. ಮೊಮ್ಮಗಳ ಕೈಹಿಡಿದು ಹತ್ತಿದ ಅಜ್ಜಿ ಕುಳಿತ ಮೇಲೆ ಕೇಳಿದ್ದು, ನಿನ್ನೆ ಬಂದವರಿಗೂ ಇದೇ ದರವೇ ಎಂದು. ಹೌದಮ್ಮ, ನಾಳೆ ಬರುವವರಿಗೂ ಇದೇ ಎಂದ ದೋಣಿಯವನು, ಹಗ್ಗ ಬಿಚ್ಚಿದ.