ಬೂದು ಬಣ್ಣ

ನನ್ನ ಉದ್ಯೋಗವೇನೆಂದು ಅಪ್ಪನಿಗೆ ವಿವರಿಸುವ ಪ್ರಯತ್ನವನ್ನು ನಾನು ಎಂದೋ ಕೈಬಿಟ್ಟಿದ್ದೆ. 'ವಿಜ್ಞಾನಿಗಳ ಸಂಸ್ಥೆಯಲ್ಲಿ ಇದ್ದಾನೆ' ಎಂದಷ್ಟೇ ಅವರು ಊರಿನಲ್ಲಿ ಹೇಳುತ್ತಿದ್ದರು. 'ವಿಜ್ಞಾನಿ' ಎಂದಿದ್ದರೆ ಸುಳ್ಳಾಗುತ್ತಿತ್ತು. ಅಪ್ಪ ಮಾತಿನಲ್ಲಿ ಬಹಳ ಎಚ್ಚರ.

ನಿಜ ಹೇಳಬೇಕೆಂದರೆ ನಾನು ವಿಜ್ಞಾನಿಗಳ ಮನೆಗೆ ಸುಣ್ಣ ಬಳಿಯುವವನು. ನಮ್ಮಲ್ಲಿ ವಿಭಾಗಕ್ಕೊಂದು ವೆಬ್‌ಸೈಟು. ಒಂದರಲ್ಲಿ ಗುಂಡಿ ಹಸಿರು, ಇನ್ನೊಂದರಲ್ಲಿ ಕೆಂಪು. ಹುಡುಕುವ ಚೌಕ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ನಾಪತ್ತೆ. ಇವನ್ನೆಲ್ಲ ಒಂದು ಹದಕ್ಕೆ ತರಲು 'ಡಿಸೈನ್ ಸಿಸ್ಟಂ' ಕಟ್ಟಿದೆವು. ಹೆಸರು ದೊಡ್ಡದು, ಸಂಗತಿ ಅಮ್ಮನ ಒಗ್ಗರಣೆ ಡಬ್ಬಿಯಷ್ಟು ಸರಳ. ಬಣ್ಣ, ಅಕ್ಷರದ ಗಾತ್ರ, ಗುಂಡಿ, ಕೋಷ್ಟಕ ಎಲ್ಲವನ್ನೂ ಒಂದೇ ಕಡೆ ಅಳೆದು ಇಟ್ಟಿರುವುದು. ಯಾವ ಪುಟವಾದರೂ ಅಲ್ಲಿಂದಲೇ ತೆಗೆದುಕೊಳ್ಳುವುದು. ಕೋಷ್ಟಕದ ಅಂಕಿಗಳಿಗೆ ತೆಳು ಬೂದು ಬಣ್ಣವನ್ನು ಆರಿಸಿದವನು ನಾನೇ. 'ಎಷ್ಟು ಘನತೆಯಾಗಿದೆ' ಎಂದು ನಾಲ್ಕು ಜನ ಹೊಗಳಿದರು. ನಾನು ಉಬ್ಬಿದೆ.

ಆ ಆಷಾಢದಲ್ಲಿ ಊರಿಗೆ ಹೋಗಿದ್ದೆ. ಕೊಳೆರೋಗಕ್ಕೆ ಮುಂಚೆ ಅಡಿಕೆಗೆ ಬೋರ್ಡೋ ಹೊಡೆಸಬೇಕು, ಅದಕ್ಕೆ ಮಳೆ ಹೊಳವಾಗಬೇಕು. ಬೆಳಿಗ್ಗೆ ನಾನು ಏಳುವ ಮೊದಲೇ ಅಪ್ಪ ಫೋನಿನಲ್ಲಿ ನಮ್ಮ ಸಂಸ್ಥೆಯ ಮಳೆಯ ಮುನ್ಸೂಚನೆ ತೆರೆದಿದ್ದಾರೆ. ಕನ್ನಡಕ ತೆಗೆದು ಒರೆಸಿದ್ದಾರೆ, ಮತ್ತೆ ಹಾಕಿದ್ದಾರೆ. ಕೊನೆಗೆ ಅಂದಾಜಿನ ಮೇಲೆ ಕೊನೆಗಾರನನ್ನು ಮರ ಹತ್ತಿಸಿದ್ದಾರೆ. ಹನ್ನೊಂದಕ್ಕೆ ಮಳೆ ಹೊಯ್ಯಿತು. ಸುಣ್ಣ, ಮೈಲುತುತ್ತ, ಕೂಲಿ ಎಲ್ಲ ತೋಡು ಸೇರಿತು.

'ನನ್ನ ಕಣ್ಣು ಹೋಯಿತು ಮಾರಾಯ' ಎಂದರು ಅಪ್ಪ.

ಫೋನು ತೆಗೆದುಕೊಂಡು ನೋಡಿದೆ. ಆ ಹೊತ್ತಿನ ಮಳೆ ಕೋಷ್ಟಕದಲ್ಲಿ ಇತ್ತು. ನನ್ನ ಬೂದು ಬಣ್ಣದಲ್ಲಿ ಇತ್ತು.

ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರವಿರಬೇಕೆಂದು ವೆಬ್ಬಿನ ಮಾರ್ಗಸೂಚಿ 2008ರಲ್ಲೇ ಹೇಳಿದೆ. ಬಿಳಿಯ ಮೇಲೆ ಕಪ್ಪಾದರೆ 21. ನನ್ನದು ಮೂರನ್ನೂ ಮುಟ್ಟಿರಲಿಲ್ಲ. ನಿಯಮ ಗೊತ್ತಿರಲಿಲ್ಲವೆಂದಲ್ಲ, ಅದು ಯಾರಿಗೋ ಬರೆದದ್ದೆಂದುಕೊಂಡಿದ್ದೆ. ಒಂದೇ ಡಬ್ಬಿಯ ದೋಷವೂ ಇದೇ. ಅದರಲ್ಲಿ ಉಪ್ಪು ಹೆಚ್ಚಾದರೆ ಎಲ್ಲ ಅಡುಗೆಯೂ ಕೆಡುತ್ತದೆ.

ಜಗತ್ತಿನ ಮೊದಲ ವೆಬ್ ಪುಟವೂ ವಿಜ್ಞಾನಿಗಳ ಮನೆಯದೇ. ಜಿನೀವಾ ಬಳಿಯ ಸರ್ನ್‌ನಲ್ಲಿ ಟಿಮ್ ಬರ್ನರ್ಸ್-ಲೀ ಮಾಡಿದ್ದು. 1991ರಲ್ಲಿ ಹೊರಜಗತ್ತಿಗೆ ತೆರೆದುಕೊಂಡಿತು. ಚಿತ್ರವಿಲ್ಲ, ಅಲಂಕಾರವಿಲ್ಲ, ಅಕ್ಷರ ಮತ್ತು ಕೊಂಡಿ, ಅಷ್ಟೆ. ಬೇರೆ ಬೇರೆ ದೇಶದವರು ಬೇರೆ ಬೇರೆ ಕಂಪ್ಯೂಟರಿನಲ್ಲಿ ಒಂದೇ ವಿಷಯ ಓದಲಿ ಎಂಬುದೇ ಅದರ ಆಸೆ. ಘನತೆ ಅಲ್ಲಿತ್ತು.

ಬೆಂಗಳೂರಿಗೆ ಮರಳಿ ಒಂದೇ ಸಾಲು ತಿದ್ದಿದೆ. ಎಲ್ಲ ವಿಭಾಗಗಳ ಎಲ್ಲ ಕೋಷ್ಟಕಗಳೂ ಕಪ್ಪಾದವು. ಡಬ್ಬಿಯ ಗುಣವೂ ಅದೇ ತಾನೆ!

ವಾರದ ನಂತರ ಅಪ್ಪನ ಫೋನು. 'ಕಣ್ಣು ಪರವಾಗಿಲ್ಲವೋ, ಈಗ ಚೆನ್ನಾಗಿ ಕಾಣುತ್ತದೆ.'

ಕೆಟ್ಟದ್ದು ಅವರ ಕಣ್ಣಲ್ಲ, ನನ್ನದು ಎಂದು ಹೇಳಬೇಕಿತ್ತು. ಮುಂದಿನ ಸಲ ಊರಿಗೆ ಹೋದಾಗ ಹೇಳುತ್ತೇನೆ.