ಹರಿಯೋ ನೀರಿಗೆ ಬಾಗಿಲು

ಹಾಯಿದೋಣಿಯ ತಳಕ್ಕೆ ಬೇಕಂತಲೇ ತೂತು ಕೊರೆದಿರ್ತಾರೆ ಅಂದ್ರೆ ನಮ್ಮ ಕಲ್ಮಲದಾಗ ಯಾರೂ ನಂಬಲ್ಲ. ಎಂಜಿನ್ ತಣ್ಣಗಿಡೋಕೆ ಸಮುದ್ರದ ನೀರು ಬೇಕಲ್ಲ, ಅದಕ್ಕೆ. ತೂತಿಗೊಂದು ವಾಲ್ವ್. ಹಾಯಿ ಬಿಚ್ಚಿ ಎಂಜಿನ್ ನಿಲ್ಲಿಸಿದ ಮೇಲೆ ಎಷ್ಟೋ ಮಂದಿ ಅದನ್ನು ಮುಚ್ಚಿಬಿಡ್ತಾರೆ, ಪೈಪ್ ಒಡೆದರೂ ದೋಣಿ ತುಂಬದಿರಲಿ ಅಂತ. ಮುಚ್ಚಿದ್ದು ಮರೆತು ಎಂಜಿನ್ ಶುರು ಮಾಡಿದರೆ ಪಂಪಿನ ರಬ್ಬರ್ ಸುಟ್ಟುಹೋಗುತ್ತೆ. ಅದಕ್ಕೇ ಕೆಲವರು ಎಂಜಿನ್ ಕೀಲಿಯನ್ನ ಆ ವಾಲ್ವಿನ ಹಿಡಿಕೆಗೇ ನೇತುಹಾಕ್ತಾರೆ. ಒಂದು ಸಾಲು ಕೋಡ್ ಇಲ್ಲದ ಈ ಉಪಾಯ ನನಗೆ ಬಹಳ ಇಷ್ಟ.

ಆದರೆ ಮುಚ್ಚೋ ಬಾಗಿಲೇ ಕಿತ್ತುಹೋದರೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯ್ತು. ಮಾನ್ವಿ, ರಾಯಚೂರು ಕಡೆಯವರು ಎಡದಂಡೆ ನಾಲೆಯ ಕೊನೇ ಭಾಗದವರು. ಡ್ಯಾಂ ತುಂಬಿದ ವರ್ಷವೂ ನೀರಿಗೆ ಕಾಯಬೇಕು. ಬೆಳಿಗ್ಗೆ ಅಪ್ಪನ ಫೋನು: "ತಮ್ಮಾ, ನೀ ಇಂಜಿನಿಯರ್ ಅದಿಯಲ್ಲ, ಇದನ್ನ ಹೆಂಗ ಮುಚ್ತಾರ ಹೇಳು." ನಂದು ಕಂಪ್ಯೂಟರ್ ಅಂತ ಎಷ್ಟು ಸಲ ಹೇಳಲಿ!

ಗೇಟ್ ತಜ್ಞ ಕನ್ನಯ್ಯ ನಾಯ್ಡು ಮಾರ್ಗದರ್ಶನದಲ್ಲಿ, ನೀರು ಹರಿಯುತ್ತಿರುವಾಗಲೇ, ಉಕ್ಕಿನ ಸ್ಟಾಪ್‌ಲಾಗ್‌ಗಳನ್ನು ಕ್ರೇನಿನಿಂದ ಒಂದರ ಮೇಲೊಂದು ಇಳಿಸಿದರು. 16ಕ್ಕೆ ಮೊದಲನೆಯದು ಕೂತಿತು, 17ಕ್ಕೆ ಹರಿವು ನಿಂತಿತು. ಅಷ್ಟರಲ್ಲಿ ಒತ್ತಡ ಇಳಿಸೋಕೆ ಬೇರೆ ಗೇಟುಗಳನ್ನೂ ಎತ್ತಿ ಟಿಎಂಸಿಗಟ್ಟಲೆ ನೀರು ಬಿಟ್ಟಾಗಿತ್ತು. ಬಿಡದೆ ವಿಧಿಯಿರಲಿಲ್ಲ, ಆದರೂ ಹೊಟ್ಟೆ ಉರೀತು.

ಅಪ್ಪ ಟಿವಿ ಮುಂದೆ ಕೂತು ಒಂದೊಂದೇ ಎಣಿಸಿದ್ದನಂತೆ. ಮತ್ತೆ ಫೋನು: "ಮುಚ್ಚಿದ್ರು. ಇನ್ನ ಮಳಿ ಬಂದ್ರ ನಾಟಿ ಮಾಡ್ತೀನಿ. ಸ್ವಲ್ಪ ರೊಕ್ಕ ಕಳಸು."